ಹಾಡು ಮುಗಿದ ಮೇಲೆ ಓಪನ್ ಕಾರಿಗೆ ಪಾನಾ ಹಿಡಿಯುವವರು ಯಾರು?

ನಾಯಕ ಓಪನ್ ಕಾರಿನಲ್ಲಿ ಬರುತ್ತಾನೆ. ಒಂದು ಕೈ ಸ್ಟೇರಿಂಗ್ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ. ಪಕ್ಕದಲ್ಲಿ ನಾಯಕಿ, ಅವಳ ಸೆರಗು ಹಿಂದಕ್ಕೆ ಹಾರುತ್ತದೆ. ಬೆಟ್ಟ, ತಿರುವು, ಹಾಡು, ಮತ್ತೆ ತಿರುವು... ಟಾಕೀಸಿನ ಮುಂದಿನ ಬೆಂಚಿನವರು ಸಿಳ್ಳೆ ಹೊಡೆಯುತ್ತಾರೆ. ನಾಲ್ಕು ನಿಮಿಷಕ್ಕೆ ಹಾಡು ಮುಗಿಯುತ್ತದೆ. ಕಾರು ತೆರೆಯಿಂದ ಮಾಯ!

ಆಮೇಲೆ ಆ ಕಾರಿನ ಗತಿ ಏನಾಯಿತು? ಯಾವ ಇಳಿಜಾರಿನಲ್ಲಿ ಅದರ ಬ್ರೇಕು ಹೋಯಿತು, ಎಲ್ಲಿ ರೇಡಿಯೇಟರ್ ಕುದಿಯಿತು, ಯಾರು ಇಳಿದು ತಳ್ಳಿದರು? ಇದನ್ನು ಯಾವ ನಿರ್ದೇಶಕರೂ ತೋರಿಸುವುದಿಲ್ಲ. ನೋಡಬೇಕೆಂದಿದ್ದರೆ ನಮ್ಮ ರಂಗಂಪೇಟೆಗೆ ಬನ್ನಿ. ಸುರಪುರದ ಗುಡ್ಡದ ಮಗ್ಗುಲಿಗೆ ಅಂಟಿಕೊಂಡಿರುವ ಈ ಊರಲ್ಲಿ, ನಮ್ಮ ಸೋದರಮಾವನ ಹಿತ್ತಲಲ್ಲಿ, ಬೇವಿನ ಗಿಡದ ಕೆಳಗೆ ಅಂಥದೊಂದು ಕಾರು ನಿಂತಿದೆ. ಬಣ್ಣ ಒಂದು ಕಾಲಕ್ಕೆ ಕೆಂಪು. ಈಗ ಯಾವ ಬಣ್ಣ ಎಂದು ಕೇಳಿದರೆ ಮಾವನಿಗೆ ಸಿಟ್ಟು ಬರುತ್ತದೆ.

ಸಿನಿಮಾದವರಿಗೂ ಓಪನ್ ಗಾಡಿಗೂ ನಂಟು ಹಳೆಯದು. 1962ರಲ್ಲಿ ಮೊದಲ ಬಾಂಡ್ ಚಿತ್ರ ‘ಡಾಕ್ಟರ್ ನೋ’ ಬಂದಾಗ ಶಾನ್ ಕಾನರಿ ಓಡಿಸಿದ್ದು ಸನ್‌ಬೀಮ್ ಆಲ್ಪೈನ್ ಎಂಬ ಟಾಪಿಲ್ಲದ ಪುಟ್ಟ ಕಾರು. 1969ರ ‘ಆರಾಧನಾ’ದಲ್ಲಿ ರಾಜೇಶ್ ಖನ್ನಾ ರೈಲಿನ ಪಕ್ಕದಲ್ಲಿ ಜೀಪಿನಲ್ಲಿ ಹೋದದ್ದು ಯಾರಿಗೆ ಗೊತ್ತಿಲ್ಲ? ರೈಲಿನೊಳಗಿದ್ದ ಶರ್ಮಿಳಾ ಠಾಗೋರ್ ಅವರ ಭಾಗವನ್ನು ಬೇರೆಯಾಗಿ ಸ್ಟುಡಿಯೋದಲ್ಲಿ ತೆಗೆದದ್ದು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿಲ್ಲ! ನಮ್ಮಲ್ಲಿ 1980ರಲ್ಲಿ ಶಂಕರ್‌ನಾಗ್ ‘ಮಿಂಚಿನ ಓಟ’ ತೆಗೆದರು. ಕಾರು ಕದಿಯುವವರ ಕಥೆ. ಕಾರು ಓಡಿಸುವ ಚಿತ್ರಗಳು ನೂರಾರು ಸಿಗುತ್ತವೆ. ಕಾರು ರಿಪೇರಿ ಮಾಡುವ ಚಿತ್ರ ಎಂದರೆ ನನ್ನ ನೆನಪಿಗೆ ಬರುವುದು 1958ರ ‘ಚಲ್ತೀ ಕಾ ನಾಮ್ ಗಾಡಿ’ ಒಂದೇ. ಅಶೋಕ್‌ಕುಮಾರ್, ಅನೂಪ್‌ಕುಮಾರ್, ಕಿಶೋರ್‌ಕುಮಾರ್ ಮೂವರೂ ಸೇರಿ ಗ್ಯಾರೇಜ್ ನಡೆಸುತ್ತಾರೆ. ಮಳೆ ರಾತ್ರಿಯಲ್ಲಿ ಕೆಟ್ಟ ಕಾರಿನೊಂದಿಗೆ ಮಧುಬಾಲಾ ಬರುತ್ತಾರೆ. ಅಂಥ ಗಿರಾಕಿ ಬಂದರೆ ಯಾರು ತಾನೇ ಪಾನಾ ಹಿಡಿಯುವುದಿಲ್ಲ ಸ್ವಾಮಿ!

ನಮ್ಮ ಗ್ಯಾರೇಜಿಗೆ ಮಧುಬಾಲಾ ಬರಲಿಲ್ಲ. ಬಂದದ್ದು ಮಾವನ ಮಗಳ ಮದುವೆ.

ಮದರಾಸಿನ ಹೆರಾಲ್ಡು

ಮೊದಲು ಕಾರಿನ ಪರಿಚಯ ಆಗಲಿ. ಅದು ಸ್ಟ್ಯಾಂಡರ್ಡ್ ಹೆರಾಲ್ಡ್, 1966ರ ಮಾಡೆಲ್, ಎರಡು ಬಾಗಿಲಿನದು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಹುಟ್ಟಿತು. ರೂಪ ಕೊಟ್ಟವರು ಇಟಲಿಯ ಜಿಯೊವಾನಿ ಮಿಕೆಲೊಟ್ಟಿ. ನಮ್ಮ ದೇಶದಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ 1971ರ ತನಕ ಇದನ್ನು ತಯಾರಿಸಿತು. ಇಂಜಿನ್ ಬರೀ 948 ಸಿಸಿ. ಈಗಿನ ಕೆಲವು ಮೋಟರ್‌ಸೈಕಲ್ಲುಗಳಿಗೆ ಇದಕ್ಕಿಂತ ದೊಡ್ಡ ಇಂಜಿನ್ ಇರುತ್ತದೆ.

ಆದರೆ ಕೈಯಾರೆ ರಿಪೇರಿ ಮಾಡಿಕೊಳ್ಳುವವನಿಗೆ ಇದರಂಥ ಕಾರು ಮತ್ತೊಂದಿಲ್ಲ. ಮುಂದಿನ ಬಾನೆಟ್ಟು, ಮಡ್‌ಗಾರ್ಡು, ಹೆಡ್‌ಲೈಟು ಎಲ್ಲವೂ ಸೇರಿ ಒಂದೇ ತುಂಡು. ಮೊಸಳೆ ಬಾಯಿ ತೆರೆದ ಹಾಗೆ ಇಡೀ ಮೂತಿಯೇ ಮುಂದಕ್ಕೆ ಮಗುಚುತ್ತದೆ. ಚಕ್ರದ ಮೇಲೆ ಕುಂಡಿಯೂರಿ ಕುಳಿತು, ಚಹಾ ಕುಡಿಯುತ್ತ ಕಾರ್ಬರೇಟರ್ ಬಿಚ್ಚಬಹುದು! ಇನ್ನು ಇದರ ಕೆಳಗೆ ಲಾರಿಗಿರುವಂತೆ ಬೇರೆಯೇ ಚಾಸಿ ಇದೆ; ಮೇಲಿನ ಬಾಡಿಯನ್ನು ತುಂಡು ತುಂಡಾಗಿ ಬೋಲ್ಟ್ ಹಾಕಿ ಕೂಡಿಸಿದ್ದಾರೆ. ತಲೆಯ ಮೇಲಿನ ಟಾಪು ಕೂಡ ಬೋಲ್ಟಿನ ಮೇಲೆಯೇ ನಿಂತಿದೆ. ಬಿಚ್ಚಿದರೆ ಬಂತು!

ಅದಕ್ಕೇ ಇಂಗ್ಲೆಂಡಿನವರು ಇದೇ ಕಾರನ್ನು ಟಾಪಿಲ್ಲದೆಯೂ ಮಾರಿದರು. ಇದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿದರು. ಅದು 1980ರ ತನಕ ಓಡಿತು. ಅಂದರೆ ವಿಲಾಯತಿಯ ಸ್ಪಿಟ್‌ಫೈರ್ ನಮ್ಮ ಹೆರಾಲ್ಡಿಗೆ ಸಾಕ್ಷಾತ್ ತಂಗಿ. ಮುಂದಿನ ಚಕ್ರದ ಜೋಡಣೆ ಇಬ್ಬರದೂ ಒಂದೇ ವಂಶದ್ದು, ರೋಗವೂ ಒಂದೇ. ಆ ರೋಗದ ಮಾತಿಗೆ ಆಮೇಲೆ ಬರುತ್ತೇನೆ.

ಭಾರತದಲ್ಲಿಯೇ ಹುಟ್ಟಿದ ಟಾಪಿಲ್ಲದ ಕಾರೂ ಒಂದಿತ್ತು. 1998ರಲ್ಲಿ ಬಂದ ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಸ್ಯಾನ್ ಬಳಗದ್ದು, ಗೋವಾದಲ್ಲಿ ತಯಾರಾದದ್ದು. ಫೈಬರ್ ಬಾಡಿ, ರೆನೋ ಇಂಜಿನ್. ತಯಾರಾದದ್ದು ಕಡಿಮೆ, ನಮ್ಮ ಕಡೆ ಕಂಡವರು ಇನ್ನೂ ಕಡಿಮೆ.

ಮಾವ ಈ ಹೆರಾಲ್ಡ್ ತಂದದ್ದು ನಾನು ಹುಟ್ಟುವ ಮೊದಲು. ಮೊದಲಿನ ಮಾಲೀಕರೇ ಟಾಪು ಬಿಚ್ಚಿ ಗಾಡಿಯೊಳಗೆ ಕೊಟ್ಟಿದ್ದರಂತೆ. ಅದರಲ್ಲಿಯೇ ಮಾವನ ಮದುವೆ ಮೆರವಣಿಗೆ ಆಯಿತು. ಅತ್ತೆ ಈ ಮನೆಗೆ ಕಾಲಿಟ್ಟದ್ದು ಅದರಿಂದಲೇ ಇಳಿದು. ಟಾಪನ್ನು ಹಿತ್ತಲಲ್ಲಿ ಬೋರಲು ಹಾಕಿದರು. ಅಂದಿನಿಂದ ಅದರ ಕೆಳಗೆ ಕೋಳಿಗಳ ಸಂಸಾರ.

ಇಲ್ಲೊಂದು ಎಚ್ಚರಿಕೆ. ಹೆರಾಲ್ಡಿನ ಟಾಪು ಬಿಚ್ಚುತ್ತದೆ ಎಂದು ಅಂಬಾಸಡರಿನದೋ ಪದ್ಮಿನಿಯದೋ ಮಾರುತಿಯದೋ ಟಾಪನ್ನು ಕಟರ್ ಹಿಡಿದು ಕೊಯ್ಯಬೇಡಿ! ಆ ಗಾಡಿಗಳಿಗೆ ಬೇರೆ ಚಾಸಿ ಇಲ್ಲ. ನೆಲ, ಕಂಬ, ಟಾಪು ಎಲ್ಲ ಸೇರಿದ ಪೆಟ್ಟಿಗೆಯೇ ಅದರ ಬೆನ್ನೆಲುಬು. ಮೇಲಿನ ಮುಚ್ಚಳ ತೆಗೆದರೆ ಬೆಂಕಿಪೊಟ್ಟಣ ಹೇಗೆ ಮೆತ್ತಗಾಗುತ್ತದೋ ಹಾಗೆ ನಡು ಕುಸಿಯುತ್ತದೆ. ಬಾಗಿಲು ಹಾಕಿದ್ದು ತೆಗೆಯಲು ಬರುವುದಿಲ್ಲ, ತೆಗೆದದ್ದು ಹಾಕಲು ಬರುವುದಿಲ್ಲ. ಹಳೆಯ ಓಪನ್ ಗಾಡಿ ಕೊಳ್ಳಲು ಹೋದವರು ಮೊದಲು ಮಾಡಬೇಕಾದ ಪರೀಕ್ಷೆಯೂ ಇದೇ. ಬಾಗಿಲ ಸಂದು ಮೇಲೆಷ್ಟಿದೆ, ಕೆಳಗೆಷ್ಟಿದೆ ನೋಡಿ. ಗಾಡಿಗೆ ಜಾಕ್ ಕೊಟ್ಟು ಒಂದು ಕಡೆ ಎತ್ತಿ. ಸಂದು ಬದಲಾಯಿತೋ, ಕೆಳಗೆ ತುಕ್ಕು ತಿಂದಿದೆ ಎಂದರ್ಥ. ಪಾಲಿಶ್ ನೋಡಿ ಮೋಸ ಹೋಗಬೇಡಿ.

ಬಿಸಿಲು, ನೀರು, ಪೆಟ್ರೋಲು

ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತಿದ್ದದ್ದೇ. ಏಪ್ರಿಲ್ ಮೇ ತಿಂಗಳು 42 ಡಿಗ್ರಿ ದಾಟುತ್ತದೆ. ಇಂಗ್ಲೆಂಡಿನ ಮಂಜಿಗೆಂದು ಮಾಡಿದ ಕಾರು ಇಲ್ಲಿ ಏನು ಪಾಡು ಪಡಬೇಡ! ಮೊದಲ ಶತ್ರು ಬಿಸಿಲಲ್ಲ, ನಮ್ಮ ಬೋರಿನ ನೀರು. ಗಡಸು ನೀರನ್ನು ರೇಡಿಯೇಟರಿಗೆ ಸುರಿದೂ ಸುರಿದೂ, ಹಂಡೆಯ ತಳಕ್ಕೆ ಕಟ್ಟುವಂಥ ಬಿಳಿ ಸುಣ್ಣ ಒಳಗಿನ ನಳಿಕೆಗಳಲ್ಲಿ ಕಟ್ಟುತ್ತದೆ. ನೀರು ತುಂಬಿದ್ದರೂ ಗಾಡಿ ಕುದಿಯುತ್ತದೆ. ಆಗ ಮಿಸ್ತ್ರಿಗಳು ಥರ್ಮೋಸ್ಟಾಟ್ ಕಿತ್ತು ಒಗೆಯುತ್ತಾರೆ. ಅದು ತಲೆನೋವಿಗೆ ಕಿವಿ ಕೊಯ್ದಂತೆ. ರೇಡಿಯೇಟರ್ ಬಿಚ್ಚಿ, ಕೆಳಗಿನ ಬಾಯಿಂದ ನೀರು ಬಿಟ್ಟು ಮೇಲಿನ ಬಾಯಿಂದ ಕೊಳೆ ಬರುವ ಹಾಗೆ ಉಲ್ಟಾ ತೊಳೆಯಿರಿ. ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಬಿಟ್ಟು ಬೇರೇನೂ ಹಾಕಬೇಡಿ.

ಇನ್ನೊಂದು ಬಿಡಿಗಾಸಿನ ಉಪಾಯ. ರೇಡಿಯೇಟರಿನ ಎರಡೂ ಪಕ್ಕ ಸಂದಿದ್ದರೆ ಮುಂದಿನಿಂದ ಬಂದ ಗಾಳಿ ಸುಲಭದ ದಾರಿ ಹಿಡಿದು ಅದರಲ್ಲೇ ನುಸುಳಿ ಹೋಗುತ್ತದೆ. ಸ್ಪಿಟ್‌ಫೈರಿನಲ್ಲಿ ಕಂಪನಿಯವರೇ ಅಲ್ಲಿ ರಟ್ಟು ಹಚ್ಚುತ್ತಿದ್ದರು. ರಟ್ಟಲ್ಲವೇ, ಕೆಲವೇ ವರ್ಷಕ್ಕೆ ಹರಿದು ಹೋಗುತ್ತಿತ್ತು. ನಾನು ಎಣ್ಣೆ ಡಬ್ಬಿಯ ತಗಡು ಕೊಯ್ದು ಎರಡೂ ಕಡೆ ಮುಚ್ಚಿದೆ. ಹತ್ತಿಗೂಡೂರಿನ ತನಕ ಕುದಿಯದೆ ಹೋಗಿ ಬಂದೆ. ಮಾವ ಬೆನ್ನು ತಟ್ಟಿದ. ಪಿಯುಸಿ ಬಿಟ್ಟು ಬಂದ ಮೇಲೆ ಮಾವ ನನ್ನ ಬೆನ್ನು ತಟ್ಟಿದ್ದು ಅದೇ ಮೊದಲು.

ಪೆಟ್ರೋಲಿನ ಸಂಗತಿ ಹೊಸದು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥನಾಲ್ ಬೆರೆತಿರುತ್ತದೆ. ಹಳೇ ಕಾಲದ ರಬ್ಬರ್ ಪೈಪುಗಳಿಗೆ ಅದು ಆಗಿಬರುವುದಿಲ್ಲ. ಉಬ್ಬುತ್ತವೆ, ಮೆತ್ತಗಾಗುತ್ತವೆ, ಬಿರಿಯುತ್ತವೆ. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಹೋಳಿ ಹುಣ್ಣಿಮೆಯೇ! ಎಥನಾಲ್ ತಡೆಯುವ ಹೊಸ ಪೈಪೆಂದು ಕೇಳಿ ಹಾಕಿ. ಪಂಪಿನ ಡಯಾಫ್ರಮ್ಮನ್ನೂ ಬದಲಿಸಿ. ವರ್ಷಕ್ಕೆ ನಾಲ್ಕೇ ಸಲ ತೆಗೆಯುವ ಗಾಡಿಯಾದರೆ ಕಾರ್ಬರೇಟರ್ ಖಾಲಿ ಮಾಡಿ ನಿಲ್ಲಿಸಿ. ಎಥನಾಲ್ ನೀರು ಹೀರುತ್ತದೆ, ಒಳಗೆ ತುಕ್ಕು ಮಾಡುತ್ತದೆ.

ಕರೆಂಟಿನ ಕೆಲಸ ಉದ್ದ ಹೇಳುವುದಿಲ್ಲ. ಪ್ಲಗ್ಗಿನ ಸಂದು 25 ಥೌ, ಡೆಲ್ಕೋದ ಪಾಯಿಂಟಿನ ಸಂದು 15 ಥೌ. ಫೀಲರ್ ಗೇಜ್ ಇಟ್ಟು ನೋಡಿಕೊಳ್ಳಿ. ಹೆಡ್‌ಲೈಟ್ ಮಂಕಾಗಿದ್ದರೆ ದೊಡ್ಡ ಬಲ್ಬ್ ಹಾಕಬೇಡಿ, ಡ್ಯಾಶ್‌ಬೋರ್ಡಿನ ಸ್ವಿಚ್ ಸುಡುತ್ತದೆ. ಬ್ಯಾಟರಿಯಿಂದ ಫ್ಯೂಸ್ ಹಾಕಿ ನೇರ ವೈರು ಎಳೆದು, ನಡುವೆ ಎರಡು ರಿಲೇ ಕೂಡಿಸಿದರೆ ಹಳೇ ಬಲ್ಬೇ ಹಗಲು ಮಾಡುತ್ತದೆ. ಒಂದು ಮಾತು ಮಾತ್ರ ಮರೆಯಬೇಡಿ. ಆ ಕಾಲದ ವಿಲಾಯತಿ ಗಾಡಿಗಳಲ್ಲಿ ಎಷ್ಟೋ ಪಾಸಿಟಿವ್ ಅರ್ಥಿನವು. ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ಕಣ್ಣಾರೆ ನೋಡದೆ ಡೈನಮೋ ತೆಗೆದು ಆಲ್ಟರ್ನೇಟರ್ ಕೂಡಿಸಿದರೆ, ಕ್ಷಣದಲ್ಲಿ ಹೊಗೆ!

ಬ್ರೇಕು ಒತ್ತಿದರೆ ನಿಲ್ಲಬೇಕು

ಸುರಪುರ ಗುಡ್ಡಗಳ ಊರು. ಟೇಲರ್ ಸಾಹೇಬ ಬಂಗಲೆ ಕಟ್ಟಿದ್ದೂ ಗುಡ್ಡದ ಮೇಲೆಯೇ. ಏರಿದ ಮೇಲೆ ಇಳಿಯಲೇಬೇಕಲ್ಲ! ಹೆರಾಲ್ಡಿನ ಬ್ರೇಕು ಹಳೇ ಪದ್ಧತಿಯದು: ನಾಲ್ಕೂ ಚಕ್ರಕ್ಕೆ ಒಂದೇ ಪೈಪಿನ ಜಾಲ. ಒಂದು ಕಡೆ ಸೋರಿದರೆ ನಾಲ್ಕೂ ಕಡೆ ಮಂಗಮಾಯ. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಕುಡಿಯುವ ಪದಾರ್ಥ. ವರ್ಷಗಟ್ಟಲೆ ಬಿಟ್ಟರೆ ಇಳಿಜಾರಿನ ಕಾವಿಗೆ ಆ ನೀರು ಕುದ್ದು ಹಬೆಯಾಗಿ ಪೆಡಲ್ ತಳ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಪೂರಾ ಬದಲಿಸಬೇಕು. ಮುಚ್ಚಿದ ಹೊಸ ಡಬ್ಬಿಯದೇ ಹಾಕಬೇಕು. ಅಪ್ಪಿತಪ್ಪಿಯೂ ಇಂಜಿನ್ ಆಯಿಲ್ ಹಾಕಬೇಡಿ. ಒಳಗಿನ ರಬ್ಬರ್ ವಾಷರುಗಳು ಉಬ್ಬಿ ಇಡೀ ಬ್ರೇಕು ಕೆಟ್ಟುಹೋಗುತ್ತದೆ.

ಬದಲಿಸಲು ಇಬ್ಬರು ಬೇಕು. ಒಬ್ಬ ಸೀಟಿನಲ್ಲಿ, ಒಬ್ಬ ಚಕ್ರದ ಹತ್ತಿರ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ, ಅಂದರೆ ನಮ್ಮ ಗಾಡಿಗಳಲ್ಲಿ ಹಿಂದಿನ ಎಡಗಡೆಯಿಂದ ಶುರು. ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ತುದಿಯನ್ನು ಬ್ರೇಕ್ ಆಯಿಲ್ ಇರುವ ಸೀಸೆಯಲ್ಲಿ ಮುಳುಗಿಸಿ. ಪೆಡಲ್ ಒತ್ತಿದಾಗ ನಿಪ್ಪಲ್ ಸಡಿಲ. ಬಿಡುವ ಮೊದಲು ಬಿಗಿ. ಗುಳ್ಳೆ ಬರುವುದು ನಿಲ್ಲುವ ತನಕ ಇದೇ ಆಟ. ಮೇಲಿನ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ, ಇಲ್ಲವಾದರೆ ಮತ್ತೆ ಮೊದಲಿನಿಂದ.

ಮದುವೆಗೆ ಹದಿನೈದು ದಿನ ಇರುವಾಗ ನಾವು ಮಾಡುತ್ತಿದ್ದುದೂ ಇದನ್ನೇ. ಸೀಟಿನಲ್ಲಿ ನಾನು, ಕೆಳಗೆ ಉಸ್ತಾದರು. ಉಸ್ತಾದರಿಗೆ ಎಪ್ಪತ್ತು ದಾಟಿದೆ. ಒಂದು ಕಾಲಕ್ಕೆ ಹೈದರಾಬಾದಿನಲ್ಲಿ ಕೆಲಸ ಕಲಿತವರು. ಈಗ ಕಣ್ಣು ಮಂಜು, ಟ್ರ್ಯಾಕ್ಟರ್ ಗ್ಯಾರೇಜನ್ನು ಮಗ ನೋಡಿಕೊಳ್ಳುತ್ತಾನೆ. ಹೆರಾಲ್ಡ್ ಎಂದರೆ ಮಾತ್ರ ಎದ್ದು ಬರುತ್ತಾರೆ. ಮುಂದಿನ ಚಕ್ರದ ಕೆಲಸಕ್ಕೆ ಬಂದಾಗ, “ತಮ್ಮಾ, ಸ್ಟೇರಿಂಗ್ ಬಲಕ್ಕ ತಿರುವು,” ಎಂದರು. ತಿರುಗಿಸಿದೆ. “ಬಿಡು.” ಬಿಟ್ಟೆ. ಉಸ್ತಾದರು ಚಕ್ರವನ್ನು ತಾವೇ ಕೈಯಿಂದ ಆಡಿಸಿ ನೋಡಿದರು. ಸುಮ್ಮನಾದರು.

“ಭಾಳ ಬಿಗಿ ಅದ. ಯಾರು ಗ್ರೀಸ್ ಹೊಡದವ್ರು?”

“ನಾನೇರಿ ಉಸ್ತಾದ್. ಪ್ರತಿ ದೀಪಾವಳಿಗೆ ಹೊಡೀತೀನಿ,” ಎಂದೆ, ಹೆಮ್ಮೆಯಿಂದಲೇ.

“ಗ್ರೀಸ್ ಹೊಡದಿ?”

ಆ ದನಿ ಕೇಳಿದಾಗಲೇ ನನ್ನ ಎದೆ ಧಸಕ್ಕೆಂದಿತು.

ಗ್ರೀಸ್ ಅಲ್ಲ, ಎಣ್ಣೆ!

ಓದುಗರೇ, ಹೆರಾಲ್ಡ್, ಸ್ಪಿಟ್‌ಫೈರ್ ಇಟ್ಟುಕೊಂಡವರು ಇದೊಂದು ಭಾಗವನ್ನು ಎರಡು ಸಲ ಓದಿ. ಮುಂದಿನ ಚಕ್ರ ನಿಂತಿರುವುದು ಒಂದು ಉಕ್ಕಿನ ಕಂಬದ ಮೇಲೆ. ವರ್ಟಿಕಲ್ ಲಿಂಕ್ ಎನ್ನುತ್ತಾರೆ. ಅದರ ಕೆಳಗಿನ ತುದಿಗೆ ಚೂಡಿ ಇದೆ. ಆ ಚೂಡಿ ಟ್ರನಿಯನ್ ಎಂಬ ಕಂಚಿನ ಬಟ್ಟಲಿನೊಳಗೆ ಕೂತಿರುತ್ತದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಕಂಬ ಆ ಬಟ್ಟಲಲ್ಲಿ ಸ್ಕ್ರೂ ತಿರುಗಿದಂತೆ ತಿರುಗುತ್ತದೆ. ಗಾಡಿಯ ಭಾರ, ರಸ್ತೆಯ ಕುಣಿ, ಬ್ರೇಕಿನ ಎಳೆತ ಎಲ್ಲವನ್ನೂ ತಡೆಯುವುದು ಹೆಬ್ಬೆರಳು ಗಾತ್ರದ ಆ ಚೂಡಿಯೇ.

ಕಂಪನಿಯವರು ಅಲ್ಲಿಗೆ ಹೇಳಿದ್ದು 90 ನಂಬರಿನ ಗೇರ್ ಎಣ್ಣೆ. ಗ್ರೀಸ್ ಅಲ್ಲ. ಎಣ್ಣೆ ಚೂಡಿಯ ಸುತ್ತ ಹರಿದು ಇಳಿದು ಬಟ್ಟಲು ತುಂಬುತ್ತದೆ. ಗ್ರೀಸ್ ಹರಿಯುವುದಿಲ್ಲ; ಬಾಯಲ್ಲೇ ಗಟ್ಟಿಯಾಗಿ ಕೂರುತ್ತದೆ. ಒಳಗೆ ಒಣ. ಮಳೆಗಾಲದಲ್ಲಿ ಕೆಸರು ನೀರು ಇಳಿಯುತ್ತದೆ. ಕಂಚಿಗೆ ಏನೂ ಆಗುವುದಿಲ್ಲ, ಉಕ್ಕಿಗೆ ತುಕ್ಕು. ತುಕ್ಕಿನಿಂದ ಚೂಡಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಒಂದು ದಿನ ಸ್ಟೇರಿಂಗ್ ತಿರುಗಿಸುವಾಗ ಟಪ್ ಎಂದು ಮುರಿದು ಚಕ್ರ ಗಾಡಿಯ ಕೆಳಗೆ ಮಡಚಿಕೊಳ್ಳುತ್ತದೆ. ನಿಂತ ಗಾಡಿ ತಿರುಗಿಸುವಾಗ ಮುರಿದರೆ ನಿಮ್ಮ ಪುಣ್ಯ. ಇಳಿಜಾರಿನಲ್ಲಿ ಮುರಿದರೆ...

ಗ್ರೀಸ್ ಗನ್ ಕೈಯಲ್ಲಿರುತ್ತದೆ, ಕಂಡ ಕಂಡ ಕಡೆ ಹೊಡೆಯುತ್ತೇವೆ. ನಾನೂ ಹಾಗೆಯೇ ಮಾಡಿದ್ದೆ. ಆರು ದೀಪಾವಳಿ, ಆರು ಸಲ!

ಉಸ್ತಾದರು ಎರಡೂ ಕಡೆಯದನ್ನು ಬಿಚ್ಚಿಸಿದರು. ಬಲಗಡೆಯದು ತುಕ್ಕು ಹಿಡಿದಿದ್ದರೂ ಗಟ್ಟಿ ಇತ್ತು. ಎಡಗಡೆಯ ಚೂಡಿಯನ್ನು ಉಜ್ಜಿ, ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿದರು. ಬೆಳಿಗ್ಗೆ ಒರೆಸಿ, ಒಣಗಿಸಿ, ಶಾಲೆಯ ಸೀಮೆಸುಣ್ಣದ ಪುಡಿ ಸವರಿದರು. ಅರ್ಧ ತಾಸು ಕಳೆಯಿತು. ಬಿಳಿಯ ಪುಡಿಯ ಮೇಲೆ ಚೂಡಿಯ ಬುಡದಲ್ಲಿ ಒಂದು ಸಣ್ಣ ಒದ್ದೆ ಗೆರೆ ಮೂಡಿತು. ಬಿರುಕಿನೊಳಗೆ ಇಳಿದಿದ್ದ ಸೀಮೆಎಣ್ಣೆ ಹೊರಗೆ ಬಂದು ತಾನೇ ಸಾಕ್ಷಿ ಹೇಳಿತ್ತು. ಲಕ್ಷಾಂತರ ರೂಪಾಯಿಯ ಯಂತ್ರ ಬೇಕಾಗಿಲ್ಲ. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು.

ಮಾವ ಬಂದು ನೋಡಿದ. “ವೆಲ್ಡ್ ಹೊಡದ್ರಾಯ್ತು ಬಿಡ್ರಿ,” ಎಂದ.

“ಆಗಂಗಿಲ್ರಿ.”

“ಯಾಕ ಆಗಂಗಿಲ್ಲ? ಟ್ರ್ಯಾಕ್ಟರ್ ಟ್ರಾಲಿ ಆಕ್ಸಲ್ಲೇ ವೆಲ್ಡ್ ಹೊಡದು ಓಡಸ್ತಾರ. ಇದೇನು ದೊಡ್ಡದು?”

“ಬಾಗಲಾ ಹಿಡಿಕಿ ಇದ್ರ ನಾನೇ ವೆಲ್ಡ್ ಹೊಡದು ಕೊಡ್ತಿದ್ದೆ. ಇದು ಬಡದು ಮಾಡಿದ ಉಕ್ಕು. ಕಾವು ಕೊಟ್ರ ಪಕ್ಕದಾಗ ಪೆಡಸು ಆಗ್ತದ. ನಾಳಿ ಅಲ್ಲೇ ಮುರೀತದ. ಗಾಡ್ಯಾಗ ಕೂಡಾಕಿ ನಿಮ್ಮ ಮಗಳು. ನನ್ನ ಕೈಲಿಂದ ಆಗಂಗಿಲ್ಲ.”

ಮಾವ ಉಸ್ತಾದರ ಮೇಲೆ ಸಿಟ್ಟಾಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿದ, ಅಷ್ಟೇ. ಮಗಳು ಹುಟ್ಟಿದಾಗಿನಿಂದ ಊರಿಗೆಲ್ಲ ಹೇಳಿಕೊಂಡು ಬಂದ ಮಾತದು: “ನನ್ನ ಮಗಳು ಅವರವ್ವ ಬಂದ ಗಾಡ್ಯಾಗೇ ಹೋಗ್ತಾಳ.”

ಪಾರ್ಸಲ್ ಬಂತು, ಆದರೆ...

ಹೆರಾಲ್ಡಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ನಗುತ್ತಾರೆ. ಶಿವಾಜಿನಗರದ ಗುಜರಿಯಲ್ಲಿ ಒಮ್ಮೊಮ್ಮೆ ಸಿಗುತ್ತದೆ. ಖಾತ್ರಿಯಾಗಿ ಹುಡುಕಬೇಕಾದದ್ದು ಗಾಡಿಯ ತವರಿನಲ್ಲಿ, ಚೆನ್ನೈನ ಪುದುಪೇಟೆಯಲ್ಲಿ. ಹಳೇ ಗಾಡಿಗಳನ್ನು ಒಡೆದು ಮಾರುವ ಬೀದಿಗಳಿವೆ ಅಲ್ಲಿ. ಇಂಗ್ಲೆಂಡಿನಲ್ಲಿ ಹೊಸದನ್ನೇ ಮಾಡಿ ಮಾರುವವರೂ ಇದ್ದಾರೆ. ತಂಗಿ ಸ್ಪಿಟ್‌ಫೈರಿನ ಪುಣ್ಯ. ಆದರೆ ಅಲ್ಲಿಂದ ತರಿಸಲು ದಿನಗಳೆಲ್ಲಿದ್ದವು?

ನಾಲ್ಕು ದಿನ ಫೋನಿನಲ್ಲೇ ಕಳೆದೆ. ಐದನೇ ದಿನ ಪುದುಪೇಟೆಯ ಒಬ್ಬರು ಫೋಟೋ ಕಳಿಸಿದರು. ಒಳ್ಳೆಯ ಲಿಂಕು, ಟ್ರನಿಯನ್ ಸಮೇತ. ಹಣ ಕಳಿಸಿದೆ. ಮದುವೆಗೆ ಮೂರು ದಿನ ಇರುವಾಗ ಪಾರ್ಸಲ್ ಬಂತು. ಬಸ್‌ಸ್ಟ್ಯಾಂಡಿನಿಂದ ಓಡುತ್ತ ತಂದೆ. ಉಸ್ತಾದರು ಗೋಣಿ ಬಿಚ್ಚಿ, ಬೆರಳಿನಿಂದ ಚೂಡಿಯನ್ನು ಸವರಿದರು. ಕಣ್ಣು ಮಂಜಾದರೂ ಬೆರಳಿಗೆ ಮಂಜು ಕವಿದಿರಲಿಲ್ಲ.

“ತಮ್ಮಾ, ಎಡಗಡೀದು ಅಂತ ಹೇಳಿದ್ದೇನು?”

ಹೇಳಿರಲಿಲ್ಲ! ಮುಂದಿನ ಚಕ್ರದ ಲಿಂಕ್ ಎಂದಷ್ಟೇ ಹೇಳಿದ್ದೆ. ಈ ಗಾಡಿಯಲ್ಲಿ ಎರಡೂ ಕಡೆಯ ಚೂಡಿ ಒಂದಕ್ಕೊಂದು ವಿರುದ್ಧ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಬಂದದ್ದು ಬಲಗಡೆಯದು. ನಮಗೆ ಬೇಕಾದದ್ದು ಎಡಗಡೆಯದು. ಅಂಗಳದಲ್ಲಿ ಹಂದರ ಹಾಕುತ್ತಿದ್ದರು. ಬೇವಿನ ಗಿಡದ ಕೆಳಗೆ ಗಾಡಿ ಒಂದು ಕಾಲು ಕಳೆದುಕೊಂಡ ಎತ್ತಿನಂತೆ ಇಟ್ಟಂಗಿಯ ಮೇಲೆ ನಿಂತಿತ್ತು.

ಅವತ್ತು ರಾತ್ರಿ ಮಾವ ವೆಲ್ಡಿಂಗ್ ಅಂಗಡಿಯವನಿಗೆ ಹೇಳಿ ಕಳಿಸಿದ್ದ. ಮುನ್ನೂರು ರೂಪಾಯಿಗೆ ಬೆಳಗಾಗುವುದರೊಳಗೆ ಮಾಡಿಕೊಡುತ್ತೇನೆ ಎಂದು ಅವನು ಒಪ್ಪಿಯೂ ಇದ್ದ. ಬಿರುಕು ಬಿಟ್ಟ ಲಿಂಕನ್ನು ಹುಡುಕಿದರೆ ಎಲ್ಲಿಯೂ ಸಿಗಲೊಲ್ಲದು. ಮಾವ ಮನೆಯೆಲ್ಲ ಜಾಲಾಡಿದ. ಕೊನೆಗೆ ಅತ್ತೆ ಅಡಿಗೆಮನೆಯಿಂದ ಹೊರಗೆ ಬಂದು, “ಅದು ಬಾವಿಗೆ ಬಿತ್ತು,” ಎಂದರು.

“ಹೆಂಗ ಬಿತ್ತು?”

“ನಾ ಒಗದೆ. ಮಗಳ ಕಾಲು ಮುರಿಯೂದಕಿಂತ ನಿಮ್ಮ ಮಾತು ಮುರಿಯೂದು ಚಲೋ.”

ಯಾರೂ ಮಾತಾಡಲಿಲ್ಲ. ಮಾವ ಹೊರಗೆ ಹೋಗಿ ಗಾಡಿಯ ಸೀಟಿನ ಮೇಲೆ ಕುಳಿತು ಬೀಡಿ ಹಚ್ಚಿದ. ನಾನು ಹೋಗಿ ಪಕ್ಕದಲ್ಲಿ ನಿಂತೆ. “ಮಾಮಾ, ತಪ್ಪು ನಂದು,” ಎಂದೆ. “ಹೂಂ,” ಎಂದ. ಬಹಳ ಹೊತ್ತಿನ ಮೇಲೆ, “ರೇಡಿಯೇಟರ್ ತಗಡು ಚಲೋ ಕೂಡಿಸಿದ್ದಿ,” ಎಂದ.

ಮಗಳು ಪಕ್ಕದ ಮನೆಯವರ ಜೀಪಿನಲ್ಲಿ ಹೋದಳು. ಹೂವು, ಬ್ಯಾಂಡು, ಪಟಾಕಿ ಯಾವುದಕ್ಕೂ ಕಡಿಮೆ ಇರಲಿಲ್ಲ.

ಹುಡ್ ಹೊಲಿಸಿದ್ದು, ಟಾಪು ಎತ್ತಿದ್ದು

ಎಡಗಡೆಯ ಲಿಂಕ್ ಒಂದೂವರೆ ತಿಂಗಳ ಮೇಲೆ ಬಂತು. ಈ ಸಲ ಚೂಡಿಯ ಫೋಟೋ ತರಿಸಿ ಉಸ್ತಾದರಿಗೆ ತೋರಿಸಿಯೇ ಹಣ ಕಳಿಸಿದೆ. ಅದಕ್ಕೂ ಸೀಮೆಸುಣ್ಣದ ಪರೀಕ್ಷೆ ಆಯಿತು. ಕೂಡಿಸುವ ಮೊದಲು ಬಟ್ಟಲಿಗೆ ಎಣ್ಣೆ ತುಂಬಿದೆವು. ಬೇರೆಯದೊಂದು ಗ್ರೀಸ್ ಗನ್ ತಂದು, ತೊಳೆದು, ಅದರಲ್ಲಿ 90 ನಂಬರಿನ ಎಣ್ಣೆ ಹಾಕಿ, ಕೆಂಪು ಬಣ್ಣ ಬಳಿದು ಬೇರೆ ಮೊಳೆಗೆ ತೂಗುಹಾಕಿದ್ದೇನೆ. ಟ್ರನಿಯನ್ನಿನ ಬಿರಡೆ ತೆಗೆದು, ನಿಪ್ಪಲ್ ಹಾಕಿ, ಮೇಲಿನ ಸಂದಿನಿಂದ ಎಣ್ಣೆ ಜಿನುಗುವ ತನಕ ಹೊಡೆಯಬೇಕು. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ.

ಬಟ್ಟೆಯ ಹುಡ್ಡಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಶಾಮಿಯಾನ, ತಾಡಪತ್ರಿ ಹೊಲಿಯುವವರು ಇದನ್ನು ಚೆನ್ನಾಗಿ ಹೊಲಿಯುತ್ತಾರೆ. ಹಳೇ ಹುಡ್ಡನ್ನು ಒಗೆಯದೆ ಅದನ್ನೇ ಅಳತೆಗೆ ಕೊಡಿ. ಹತ್ತಿ ದಾರ ಮಳೆಗೆ ಕೊಳೆಯುತ್ತದೆ, ಪಾಲಿಯೆಸ್ಟರ್ ದಾರವೇ ಇರಲಿ. ಹೊಲಿಗೆಯ ತೂತಿನಿಂದ ನೀರು ಸೋರಿದರೆ ಒಳಗಿನಿಂದ ಮೇಣದಬತ್ತಿ ಉಜ್ಜಿ. ಹಿಂದಿನ ಪ್ಲಾಸ್ಟಿಕ್ ಕಿಟಕಿ ಬಿಸಿಲಿಗೆ ಹಳದಿಯಾಗಿ ಪೆಡಸಾಗುತ್ತದೆ. ಮಡಚುವಾಗ ನಡುವೆ ಮೆತ್ತಗಿನ ಪಂಚೆ ಇಡಿ. ಒದ್ದೆ ಹುಡ್ಡನ್ನು ಮಡಚಿಟ್ಟರೆ ಬೂಸು ಬರುತ್ತದೆ. ಸೀಮೆಎಣ್ಣೆ ಹಾಕಿ ತೊಳೆದರೆ ರೆಕ್ಸಿನ್ ಬಿರಿಯುತ್ತದೆ. ಓಪನ್ ಗಾಡಿಯ ಒಳಗೆ ನೆಲಕ್ಕೆ ಹಾಸಿದ ರಬ್ಬರ್ ಮ್ಯಾಟನ್ನು ಮಳೆ ಬಂದು ನಿಂತ ಮೇಲೆ ಎತ್ತಿ ಒಣಗಿಸದಿದ್ದರೆ ಒಂದು ದಿನ ಕಾಲ ಕೆಳಗೆ ರಸ್ತೆ ಕಾಣುತ್ತದೆ.

ಆದರೆ ನಮ್ಮ ಗಾಡಿಗೆ ಹುಡ್ ಹಾಕಲಿಲ್ಲ. ಆರ್‌ಸಿ ನವೀಕರಣದ ದಿನ ಬಂದಿತ್ತು. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಯನ್ನು ಐದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ದು ನವೀಕರಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿಯವರು ಮಾಡಿದ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಹೇಳಿತು. ನಮ್ಮ ಆರ್‌ಸಿಯಲ್ಲಿರುವುದು ಸಲೂನ್ ಎಂದು, ಗಾಡಿಗೆ ಟಾಪಿಲ್ಲ! 50 ವರ್ಷ ದಾಟಿದ ಗಾಡಿಗಳಿಗೆ 2021ರಿಂದ ವಿಂಟೇಜ್ ಎಂಬ ಬೇರೆ ನೋಂದಣಿ ಇದೆ. ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಬರುತ್ತದೆ, ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷ ಚಾಲ್ತಿ. ಅದಕ್ಕೂ ಗಾಡಿ ಮೂಲರೂಪದಲ್ಲೇ ಇರಬೇಕು. ಮೇಲಾಗಿ ದಿನಬಳಕೆಗೆ ಓಡಿಸುವಂತಿಲ್ಲ, ಬಾಡಿಗೆಗಂತೂ ಇಲ್ಲವೇ ಇಲ್ಲ. ಓಪನ್ ಗಾಡಿಯ ಶೋಕಿ ಇರುವವರು ಕಟರ್ ಹಿಡಿಯುವ ಮೊದಲು ಇದನ್ನು ತಿಳಿದುಕೊಳ್ಳಿ.

ಮಾವ ಎರಡು ದಿನ ಯೋಚನೆ ಮಾಡಿದ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಹಿತ್ತಲಲ್ಲಿ ಕೋಳಿಗಳ ಕೂಗಾಟ. ಟಾಪನ್ನು ಎತ್ತಿ ನಿಲ್ಲಿಸಿದ್ದ. ಇಷ್ಟು ವರ್ಷದ ಹಿಕ್ಕೆಯನ್ನು ಕೆರೆದು ತೊಳೆಯಲು ನನಗೊಂದು ಇಡೀ ಭಾನುವಾರ ಬೇಕಾಯಿತು. ಅಂಚಿನಲ್ಲಿ ಎರಡು ಕಡೆ ತುಕ್ಕು ತಿಂದಿತ್ತು, ಅಲ್ಲಿ ತಗಡು ಕೂಡಿಸಿ ವೆಲ್ಡ್ ಮಾಡಿಸಿದೆವು. ಇಲ್ಲಿ ವೆಲ್ಡ್ ಆಗುತ್ತದೆ, ಇದು ತಗಡು! ಹೊಸ ರಬ್ಬರ್ ಬೀಡಿಂಗ್ ಹಾಕಿ, ನಾಲ್ಕು ಜನ ಸೇರಿ ಎತ್ತಿ ಕೂಡಿಸಿದಾಗ ಬೋಲ್ಟಿನ ತೂತುಗಳು ಒಂದೂ ತಪ್ಪದೆ ಹೊಂದಿಕೊಂಡವು. ಉಸ್ತಾದರು ಬಾಗಿಲನ್ನು ಎರಡು ಸಲ ತೆಗೆದು ಹಾಕಿ, “ಚಾಸಿ ನೆಟ್ಟಗದ,” ಎಂದರು. ತಪಾಸಣೆಯಲ್ಲಿ ಪಾಸಾಯಿತು.

ನಾಗರಪಂಚಮಿಗೆ ಮಗಳು ತವರಿಗೆ ಬಂದಳು. ಸುರಪುರ ಬಸ್‌ಸ್ಟ್ಯಾಂಡಿನಿಂದ ಕರೆತರಲು ಮಾವ ಹೆರಾಲ್ಡ್ ತೆಗೆದ. ನಾನು ಹಿಂದಿನ ಸೀಟಿನಲ್ಲಿ, ಉಂಡಿಯ ಡಬ್ಬಿ ಮಡಿಲಲ್ಲಿ. ಅವಳು ಬಸ್ಸಿಳಿದು ಬಂದವಳೇ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಟಾಪಿನ ಮೇಲೆ ಕೈಯಿಂದ ಬಡಿದು ನೋಡಿದಳು.

“ಅಪ್ಪಾ, ಇದಕ್ಕ ತೆಲಿ ಯಾವಾಗ ಬಂತು? ಕೋಳಿ ಎಲ್ಲಿ ಹೋದ್ವು?”

“ಅವಕ್ಕ ಬ್ಯಾರೆ ಗೂಡು ಕಟ್ಟೀನಿ. ನೀ ಮುಂದ ಕೂಡು,” ಎಂದು ಮಾವ ಗಾಡಿ ಸ್ಟಾರ್ಟ್ ಮಾಡಿದ. ಇಳಿಜಾರಿಗೆ ಬರುವ ಮೊದಲು ಬ್ರೇಕನ್ನು ಎರಡು ಸಲ ಒತ್ತಿ ನೋಡಿದ.